ಹಿಮ್ಮಡಿ ನೋಡಿ ಹತ್ತುವ ಬೆಟ್ಟ

ಹೊರಗಿನವರು ನಮ್ಮ ಆಟವನ್ನು ಮೊದಲ ಸಲ ಆಡಿ ನೋಡುವ ದಿನ, ನಾನು ಹಬ್ಬಕ್ಕೆಂದು ತೆಗೆದಿಟ್ಟಿದ್ದ ಹೊಸ ಸೀರೆ ಉಟ್ಟುಕೊಂಡು ಆಫೀಸಿಗೆ ಹೋಗಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಗೆದ್ದೇ ಗೆಲ್ಲುತ್ತೇವೆ ಎಂಬ ಧೈರ್ಯ ನನಗೆ ಅಷ್ಟಿತ್ತು. ಬರುವಾಗ ಬಸ್ ಸ್ಟ್ಯಾಂಡಿನ ಬೇಕರಿಯಿಂದ ಒಂದು ಕೆ.ಜಿ. ದಿಲ್‌ಪಸಂದ್ ಕಟ್ಟಿಸಿಕೊಂಡು ಬಂದಿದ್ದೆ. ಅದನ್ನು ಆವತ್ತು ಯಾರೂ ಬಿಚ್ಚಲಿಲ್ಲ.

ನಮ್ಮ ಆಫೀಸು ಚಿಕ್ಕಬಳ್ಳಾಪುರದಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ. ಏಳು ಜನ ಕೆಲಸ ಮಾಡುತ್ತೇವೆ, ಮಾಡುವುದು ವಿಡಿಯೋ ಗೇಮ್. ಈ ಆಟ ಹದಿನೆಂಟನೇ ಶತಮಾನದ ಕೊನೆಯಲ್ಲಿ ಮೈಸೂರಿಗೂ ಇಂಗ್ಲಿಷ್ ಕಂಪನಿಗೂ ನಡೆದ ಯುದ್ಧದ್ದು. ಇಪ್ಪತ್ನಾಲ್ಕು ಜನ ಅವರವರ ಮನೆಯಲ್ಲೇ ಕುಳಿತು ಇಂಟರ್‌ನೆಟ್ಟಿನಲ್ಲಿ ಒಟ್ಟಿಗೆ ಆಡುತ್ತಾರೆ. ಹನ್ನೆರಡು ಜನ ಬೆಟ್ಟದ ಕೆಳಗಿನಿಂದ ಹತ್ತಿ ಕೋಟೆ ಹಿಡಿಯಬೇಕು, ಹನ್ನೆರಡು ಜನ ಮೇಲಿದ್ದು ಕಾಯಬೇಕು. ಒಂದು ಸುತ್ತಿಗೆ ಇಪ್ಪತ್ತು ನಿಮಿಷ. ಅಷ್ಟರೊಳಗೆ ಹತ್ತುವವರು ಮೇಲಿನ ಬಾಗಿಲು ತಲುಪಿ ಎರಡು ನಿಮಿಷ ಅಲ್ಲಿ ನಿಂತರೆ ಕೋಟೆ ಅವರದ್ದು, ಇಲ್ಲದಿದ್ದರೆ ಕಾಯುವವರದ್ದು. ಯಾರು ಯಾವ ಕಡೆ ಎಂಬುದನ್ನು ಯಂತ್ರವೇ ಚೀಟಿ ಎತ್ತಿದ ಹಾಗೆ ಹಂಚುತ್ತದೆ.

ಆಟದಲ್ಲಿ ಕೋಟೆಗೆ ನಿಜವಾದ ಹೆಸರು ಇಡಲಿಲ್ಲ. ಬೆಟ್ಟ ಮಾತ್ರ ನಮ್ಮ ಊರಿನ ಪಕ್ಕದ ಕಳವಾರದ ಬೆಟ್ಟವೇ. ಅದನ್ನು ಕಂಪ್ಯೂಟರಿನೊಳಗೆ ತರುವುದು ನನ್ನ ಕೆಲಸ.

ಉಪಗ್ರಹದಿಂದ ಸಿಗುವ ಎತ್ತರದ ಲೆಕ್ಕವನ್ನು ಹಾಗೇ ಸುರಿದರೆ ಬೆಟ್ಟ ರಾಗಿಮುದ್ದೆಯ ಹಾಗೆ ನುಣ್ಣಗೆ ಬರುತ್ತದೆ. ಬಂಡೆಯಿಲ್ಲ, ಸಂದಿಯಿಲ್ಲ, ಕಾಲು ಜಾರುವ ಜಾಗವಿಲ್ಲ. ನಾನು ಮೊದಲು ಜಮೀನು ಅಳೆಯುವ ಕೆಲಸದಲ್ಲಿದ್ದವಳು. ಅಳತೆ ತಪ್ಪಿದರೆ ನನಗೆ ಊಟ ಸೇರುವುದಿಲ್ಲ. ಹಾಗಾಗಿ ಒಂಬತ್ತು ತಿಂಗಳು, ವಾರಕ್ಕೆ ಮೂರು ದಿನ, ಅಳತೆಯ ಯಂತ್ರ ಹೊತ್ತು ಕಳವಾರದ ಬೆಟ್ಟ ಹತ್ತಿದೆ. ಒಂದೊಂದು ಬಂಡೆಯ ಎತ್ತರ, ಅಗಲ, ಇಳಿಜಾರು ಬರೆದುಕೊಂಡೆ. ಮೇಲಕ್ಕೆ ಹೋಗುವ ಕುರಿದಾರಿ ಒಂದಿದೆ. ಅದು ನೇರ ಹೋಗುವುದಿಲ್ಲ. ಅರ್ಧ ದಾರಿಯಲ್ಲಿ ಸೀಳಿದ ಒಂದು ಬಂಡೆಯ ಹಿಂದಕ್ಕೆ ತಿರುಗಿ, ತಂಗಡಿ ಗಿಡಗಳ ನಡುವಿನ ಸಂದಿಯಲ್ಲಿ ನುಗ್ಗಿ, ಗೋಡೆಯ ಪಕ್ಕಕ್ಕೆ ಏರುತ್ತದೆ. ಅದನ್ನೂ ಇದ್ದ ಹಾಗೇ ಇಟ್ಟೆ. ಗುರುತು, ಬಾಣದ ಚಿಹ್ನೆ ಯಾವುದೂ ಹಾಕಲಿಲ್ಲ. ಯುದ್ಧದ ಕಾಲದಲ್ಲಿ ಬಾಣದ ಗುರುತು ಯಾರು ಬರೆದಿಟ್ಟಿದ್ದರು? ಅಷ್ಟು ನನ್ನ ವಾದ.

ಪ್ರತಿ ಶನಿವಾರ ಆಡಿ ನೋಡಲು ಊರಿನ ಹುಡುಗರು, ಹುಡುಗಿಯರು ಬರುತ್ತಿದ್ದರು. ಮುದ್ದೇನಹಳ್ಳಿಯ ಕಡೆಯಿಂದ ಕೆಲವರು, ಚಿಕ್ಕಬಳ್ಳಾಪುರದವರು ಕೆಲವರು, ಕಳವಾರದವರೇ ನಾಲ್ಕು ಜನ. ಅವರು ಆಡಿದರೆ ಒಂದು ಸುತ್ತು ಹತ್ತುವವರದ್ದು, ಒಂದು ಸುತ್ತು ಕಾಯುವವರದ್ದು. ತಕ್ಕಡಿ ಸಮಕ್ಕೆ ನಿಂತಿತ್ತು. ಎರಡೂ ಕಡೆಯ ಬಲ ಸರಿಯಾಗಿದೆ ಎಂದು ನಾನೇ ವರದಿ ಬರೆದು, ನಾನೇ ಸಹಿ ಹಾಕಿ, ಆಟವನ್ನು ಹೊರತರುವ ಪ್ರಕಾಶಕರಿಗೆ ಕಳಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನನ್ನ ಹೆಗ್ಗಣಕ್ಕೆ ನಾನೇ ಪ್ರಮಾಣಪತ್ರವನ್ನೂ ಕೊಟ್ಟಿದ್ದೆ.

ಹೊರಗಿನ ಪರೀಕ್ಷೆಯ ದಿನ ಪ್ರಕಾಶಕರ ಕಡೆಯ ಪರೀಕ್ಷಕಿ ಬೇರೆ ಬೇರೆ ಊರುಗಳಿಂದ ಇಪ್ಪತ್ನಾಲ್ಕು ಜನರನ್ನು ಕೂಡಿಸಿದ್ದರು. ಅವರು ಆಡುವುದನ್ನು ನಾವು ನಮ್ಮ ಪರದೆಯಲ್ಲಿ ನೋಡಬಹುದು, ಅವರು ಮೈಕಿನಲ್ಲಿ ಮಾತಾಡುವುದನ್ನು ಕೇಳಬಹುದು. ಸುತ್ತು ಶುರುವಾಯಿತು. ಹತ್ತುವವರು ಹನ್ನೆರಡೂ ಜನ ಬಾಗಿಲು ಕಂಡ ಕಡೆಗೆ ನೇರವಾಗಿ ಓಡಿ, ಹಾಸುಬಂಡೆ ಹತ್ತಿ, ಹನ್ನೆರಡೂ ಜನ ಜಾರಿ ಕೆಳಗೆ ಬಂದರು. ಮತ್ತೆ ಹತ್ತಿದರು, ಮತ್ತೆ ಜಾರಿದರು. ಒಬ್ಬ ಹಳ್ಳದೊಳಗೆ ಇಳಿದು ಹನ್ನೊಂದು ನಿಮಿಷ ಅಲ್ಲೇ ಸುತ್ತಿದ. ಇನ್ನೊಬ್ಬ ಬೆಟ್ಟ ಹತ್ತಲು ಬೇರೆ ಬಟನ್ ಏನಾದರೂ ಇದೆಯೇ ಎಂದು ಕೇಳಿದ. ಮೇಲೆ ಕಾಯುತ್ತಿದ್ದವರು ಹೊಡೆಯಲು ಯಾರೂ ಬಾರದೆ, ಗೋಡೆಯ ಮೇಲೆ ಕೂತು ಯಾವುದೋ ಕ್ರಿಕೆಟ್ ಮ್ಯಾಚಿನ ಮಾತಾಡುತ್ತಿದ್ದರು. ಆರು ಸುತ್ತು ಆಯಿತು. ಹತ್ತುವವರು ಅರ್ಧ ಬೆಟ್ಟವನ್ನೂ ಕಾಣಲಿಲ್ಲ.

ಪರೀಕ್ಷಕಿ ಒಳ್ಳೆಯವರು, ಬೈಯಲಿಲ್ಲ. ಬೆಟ್ಟ ಬಹಳ ಚೆನ್ನಾಗಿದೆ, ಆದರೆ ಯಾರೂ ಹತ್ತಲಾರರು ಎಂದರು. ಮೂರು ವಾರದ ನಂತರ ಇನ್ನೊಮ್ಮೆ ಪರೀಕ್ಷೆ. ಆಗಲೂ ಹೀಗೇ ಆದರೆ ಬೆಟ್ಟವನ್ನು ಕೈಬಿಟ್ಟು, ಸಮತಟ್ಟು ನೆಲದ ಮೇಲೆ ಒಂದು ಬಯಲು ಕೋಟೆ ಕಟ್ಟಿ ಆಟ ಮುಗಿಸುವುದು.

ಫೋನು ಇಟ್ಟ ಮೇಲೆ ನಮ್ಮ ಆಫೀಸಿನ ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದರು. ಮುಚ್ಚಿಟ್ಟು ಮಾತಾಡುವ ಜಾಯಮಾನ ಅವರದ್ದಲ್ಲ.

"ನೋಡಮ್ಮ, ಬೆಟ್ಟ ಹೋದ್ರೆ ಬೆಟ್ಟ ಅಳೆಯೋರ್ಗೆ ನನ್ ಹತ್ರ ಕೆಲ್ಸ ಇರಲ್ಲ. ಈಗ್ಲೇ ಹೇಳ್ಬಿಡ್ತೀನಿ, ಆಮೇಲೆ ಹೇಳಿದ್ರೆ ನಿಂಗೂ ಕಷ್ಟ, ನಂಗೂ ಕಷ್ಟ."

ಕೆಲಸ ಹೋಗುತ್ತದೆ ಎನ್ನುವುದಕ್ಕಿಂತ ನನ್ನನ್ನು ಕೊರೆದದ್ದು ಬೇರೆ. ಬೆಟ್ಟದ ಬಂಡೆಗಳೆಲ್ಲ ನನ್ನ ಕೈಯಲ್ಲಿದ್ದವು. ಅಳತೆಯಲ್ಲಿ ಒಂದು ಗೇಣೂ ತಪ್ಪಿರಲಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ?

ತಪ್ಪು ಹಿಡಿದವನು ನಮ್ಮ ಪ್ರೋಗ್ರಾಮರ್. ಶಿಡ್ಲಘಟ್ಟದವನು, ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವನು, ಅಕ್ಕ ಎನ್ನುತ್ತಾನೆ. ಆಟದಲ್ಲಿ ಯಾರು ಯಾವ ಕ್ಷಣದಲ್ಲಿ ಎಲ್ಲಿದ್ದರು ಎಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಅವನು ಹೊರಗಿನವರು ನಡೆದ ಗುರುತುಗಳನ್ನು ಬೆಟ್ಟದ ನಕ್ಷೆಯ ಮೇಲೆ ಚುಕ್ಕೆ ಇಟ್ಟು ತೋರಿಸಿದ. ಚೆಲ್ಲಿದ ಸಾಸಿವೆಯ ಹಾಗಿತ್ತು. ಆಮೇಲೆ ನಮ್ಮ ಶನಿವಾರದವರ ಗುರುತುಗಳನ್ನು ಇಟ್ಟ. ಒಂದೇ ಗೆರೆ. ತಿಂಗಳುಗಟ್ಟಲೆ ಆಡಿದ ಅಷ್ಟೂ ಜನ ಅದೇ ಸೀಳುಬಂಡೆಯ ಹಿಂದೆ ತಿರುಗಿ, ಅದೇ ತಂಗಡಿ ಸಂದಿಯಲ್ಲಿ ನುಗ್ಗಿದ್ದರು. ಮೊದಲ ಸಲ ಆಡಿದವರೂ ಅಷ್ಟೇ.

"ಅಕ್ಕ, ಮೊದಲ್ನೇ ಸಲಕ್ಕೇ ಇವ್ರಿಗೆ ದಾರಿ ಹೆಂಗೆ ಗೊತ್ತಾಯ್ತು?" ಎಂದ. ಅಲ್ಲೇ ಮುದ್ದೇನಹಳ್ಳಿಯ ಹುಡುಗನೊಬ್ಬನಿಗೆ ಫೋನು ಮಾಡಿ, ಸ್ಪೀಕರಿನಲ್ಲಿಟ್ಟು ಕೇಳಿದ.

"ಗೊತ್ತಾಗೋದೇನಣ್ಣ? ದಾರಿ ಅಲ್ಲೇ ಅಲ್ವಾ ಇರೋದು?" ಎಂದಿತು ಆ ಕಡೆಯ ದನಿ. "ಸ್ಕೂಲಲ್ಲಿದ್ದಾಗಿಂದ ಹತ್ತಿದೀವಿ. ಕಣ್ ಕಟ್ಟಿ ಬಿಟ್ರೂ ಹೋಗ್ತೀವಿ."

ಆಗ ಅರ್ಥವಾಯಿತು. ಶನಿವಾರದವರು ಆಟ ಆಡಿರಲೇ ಇಲ್ಲ. ತಮ್ಮ ಬೆಟ್ಟವನ್ನು ಇನ್ನೊಂದು ಸಲ ಹತ್ತಿ ಇಳಿದಿದ್ದರು ಅಷ್ಟೇ. ನಾನೂ ಅಷ್ಟೇ ಮಾಡಿದ್ದೆ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಗಾದೆ. ನಮಗೆ ಹತ್ತಿರದ ಬೆಟ್ಟವೇ ನುಣ್ಣಗೆ ಕಂಡಿತ್ತು.

ಮೊದಲು ಮಾಡಿದ ಕೆಲಸ ಬೆಟ್ಟ ಹತ್ತದೇ ಇರುವವರನ್ನು ಹುಡುಕಿದ್ದು. ಚಿಕ್ಕಬಳ್ಳಾಪುರದಲ್ಲಿ ಅದು ಬಲು ಕಷ್ಟ. ಮದುವೆಗೆ ಹೆಣ್ಣು ಹುಡುಕುವವರ ಹಾಗೆ ಊರೂರಿಗೆ ಫೋನು ಮಾಡಿದೆವು. ಪ್ರೋಗ್ರಾಮರ್ ಶಿಡ್ಲಘಟ್ಟದಿಂದ ಚಿಕ್ಕಪ್ಪನ ಮಕ್ಕಳನ್ನೂ ಅವರ ಗೆಳೆಯರನ್ನೂ ತಂದ. ನಾನು ಗೌರಿಬಿದನೂರಿನಿಂದ ಸೋದರತ್ತೆಯ ಮಕ್ಕಳನ್ನು ಕರೆಸಿದೆ. ಚಿಂತಾಮಣಿಯಿಂದ ಆರು ಜನ ಸಿಕ್ಕರು. ಬಾಗಿಲಲ್ಲೇ ನಿಲ್ಲಿಸಿ ಕೇಳುತ್ತಿದ್ದೆವು, ಬೆಟ್ಟ ಹತ್ತಿದ್ದೀರಾ ಎಂದು. ಹೌದು ಎಂದವರಿಗೆ ಟೀ ಕೊಟ್ಟು ವಾಪಸ್ ಕಳಿಸುತ್ತಿದ್ದೆವು.

ಮುಖ್ಯಸ್ಥರು ಹೇಳಿದಂತೆ ಆಟದ ಬಂಡೆಗಳ ಮೇಲೆ ಸುಣ್ಣದ ಗುರುತು ಹಾಕಿದೆ. ನನಗೆ ಇಷ್ಟವಿರಲಿಲ್ಲ, ಆದರೂ ಹಾಕಿದೆ. ಹತ್ತುವವರೆಲ್ಲ ಗುರುತು ಹಿಡಿದು ಸಾಲಾಗಿ ಬಂದರು. ಕಾಯುವವರು ಆ ಸಾಲಿನ ತಲೆಯ ಮೇಲೆ ಕೂತು, ಒಂದಾದ ಮೇಲೊಂದು ಕಲ್ಲು ಉರುಳಿಸಿದರು. ಮುಗಿಯಿತು. ಒಂದರ ಬದಲು ಐದು ದಾರಿ ಗುರುತು ಮಾಡಿದೆ. ಆಗ ಬೆಟ್ಟ ಬಸ್ ಸ್ಟ್ಯಾಂಡಿನ ಬೋರ್ಡುಗಳ ಹಾಗೆ ಕಂಡಿತು. ಐದು ಕಡೆಯೂ ಕಲ್ಲು ಉರುಳಿತು. ಕೊನೆಗೆ ಬೆಟ್ಟದ ಇಳಿಜಾರನ್ನೇ ಇಳಿಸಿದೆ. ನನ್ನ ಕೈಯಾರೆ, ಒಂದೊಂದು ಬಂಡೆಯನ್ನೂ ಆಯ್ದು, ಹದಿನೈದು ಡಿಗ್ರಿ ತಗ್ಗಿಸಿದೆ. ನಾಲ್ಕು ದಿನದ ಕೆಲಸ. ಹತ್ತುವವರು ಶಾಲೆ ಬಿಟ್ಟ ಮಕ್ಕಳ ಹಾಗೆ ಓಡಿ ನಾಲ್ಕೇ ನಿಮಿಷಕ್ಕೆ ಮೇಲೆ ಬಂದರು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ನನ್ನ ಪಾಡು. ಆವತ್ತು ಪರದೆಯ ಮೇಲೆ ಆ ದಿಣ್ಣೆಯನ್ನು ನೋಡುತ್ತ ನನಗೆ ಅಳು ಬಂತು. ಅತ್ತುಬಿಟ್ಟೆ. ಪ್ರೋಗ್ರಾಮರ್ ಫ್ಯಾನು ಜೋರು ಮಾಡಿ ಹೊರಗೆ ಹೋದ.

ಹನ್ನೊಂದು ದಿನ ಉಳಿದಿತ್ತು. ಹೊಸಬರು ನಿಜವಾಗಿ ಬೆಟ್ಟ ಹೇಗೆ ಹತ್ತುತ್ತಾರೆ ಎಂದು ಒಮ್ಮೆ ನೋಡೋಣವೆಂದು ಮರುದಿನ ಬೆಳಿಗ್ಗೆ ಕಳವಾರಕ್ಕೆ ಹೋದೆ.

ಅಲ್ಲಿ ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವ ಗೈಡ್‌ಗಳಲ್ಲಿ ಒಬ್ಬ ಹೆಂಗಸಿದ್ದಾರೆ. ಐವತ್ತರ ಹತ್ತಿರದ ವಯಸ್ಸು. ತಲೆಗೆ ಟವೆಲ್ ಸುತ್ತಿ, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಪ್ಲಾಸ್ಟಿಕ್ ಚಪ್ಪಲಿಯಲ್ಲೇ ಹತ್ತುತ್ತಾರೆ. ಒಂಬತ್ತು ತಿಂಗಳು ನಾನು ಅವರ ಎದುರೇ ಓಡಾಡಿದ್ದೇನೆ. ಊಟ ಆಯಿತಾ ಎಂದು ಕೇಳಿದ್ದು ಬಿಟ್ಟರೆ ಬೇರೆ ಮಾತಾಡಿರಲಿಲ್ಲ. ಯಂತ್ರ ನನ್ನ ಕೈಯಲ್ಲಿದ್ದಾಗ ಅವರನ್ನು ಕೇಳುವುದೇನು ಎಂಬ ಜಂಬ.

ಆವತ್ತು ಪಟ್ಟಣದಿಂದ ಬಂದ ಐದು ಜನರನ್ನು ಅವರು ಕರೆದುಕೊಂಡು ಹೊರಟಿದ್ದರು. ಹಿಂದೆ ಬರಲಾ ಎಂದು ಕೇಳಿದೆ.

"ಮಿಷನ್ ಹೊತ್ಕೊಂಡು ಓಡಾಡೋ ಮೇಡಂ ಅಲ್ವಾ? ಬಾರಮ್ಮ. ಇವತ್ತು ಮಿಷನ್ ಎಲ್ಲಿ?"

"ಇವತ್ತು ಬರೀ ಕಣ್ಣು ತಂದಿದೀನಿ ಅಕ್ಕ."

ಅರ್ಧ ಗಂಟೆ ಹಿಂದೆ ನಡೆದ ಮೇಲೆ ನನಗೆ ಒಂದು ಸಂಗತಿ ಕಂಡಿತು. ಆ ಐದು ಜನರಲ್ಲಿ ಒಬ್ಬರೂ ಬೆಟ್ಟದ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕೆಳಗೆ. ಸೀಳುಬಂಡೆಯ ನೆರಳಲ್ಲಿ ಕೂತಾಗ ಅದೇಕೆಂದು ಆ ಗೈಡ್ ಹೆಂಗಸನ್ನು ಕೇಳಿದೆ. ಮಡಿಲಿನಿಂದ ಬೇಯಿಸಿದ ಕಡಲೆಕಾಯಿ ತೆಗೆದು ನನ್ನ ಕೈಗೆ ಹಾಕುತ್ತ ಹೇಳಿದರು.

"ಹೊಸಬ್ರು ದಾರಿ ನೋಡಲ್ಲ ಕಣಮ್ಮ. ಮುಂದೆ ಹೋಗೋರ ಹಿಮ್ಮಡಿ ನೋಡ್ತಾರೆ. ನಾನ್ ಕಾಲಿಟ್ಟ ಕಡೆ ಇಡ್ತಾರೆ. ನಾನ್ ತಪ್ಪು ಇಟ್ರೆ ಅವ್ರೂ ತಪ್ಪು ಇಡ್ತಾರೆ. ಅಷ್ಟೇ."

"ಮುಂದೆ ಯಾರೂ ಇಲ್ದಿದ್ರೆ?"

"ಇಲ್ದಿದ್ರೆ ಎಲ್ಲಿ ಹತ್ತೋದು? ಕೆಳಗೇ ನಿಂತು ಫೋಟೋ ತೆಕ್ಕೊಂಡು ಹೋಗ್ತಾರೆ."

ಹಿಂದೆ ಯುದ್ಧದ ಕಾಲದಲ್ಲಿ ದಂಡು ಬಂದಾಗ ಯಾರು ದಾರಿ ತೋರಿಸಿರಬಹುದು ಎಂದೆ. ಅವರು ಸಿಪ್ಪೆ ಬಿಸಾಡಿದರು.

"ಯಾರೋ ಕುರಿ ಕಾಯೋರೇ ಇರ್ಬೇಕು. ಸೌದೆಗೆ ಹೋಗೋರು ಇರ್ಬೇಕು. ಎದೆ ಮೇಲೆ ಕೋವಿ ಇಟ್ಟು ನಡಿ ಅಂದ್ರೆ ನಡೀದೆ ಇರಕ್ಕಾಗ್ತದಾ? ಅವ್ರ ಹೆಸ್ರು ಯಾರು ಬರ್ದಿಡ್ತಾರೆ ಬಿಡು."

ಇಳಿದು ಬರುವಾಗಲೇ ತೀರ್ಮಾನ ಮಾಡಿದ್ದೆ. ಆಫೀಸಿಗೆ ಬಂದವಳೇ ತಗ್ಗಿಸಿದ ಬೆಟ್ಟವನ್ನು ಅಳಿಸಿ, ಹಳೆಯ ಫೈಲಿನಿಂದ ನಿಜವಾದ ಇಳಿಜಾರನ್ನು ವಾಪಸ್ ತಂದೆ. ಸುಣ್ಣದ ಗುರುತುಗಳನ್ನು ಒರೆಸಿದೆ. ಆಮೇಲೆ ಮುಖ್ಯಸ್ಥರ ಎದುರು ಕೂತು ಹೇಳಿದೆ. ಹತ್ತುವ ಹನ್ನೆರಡು ಜನರಲ್ಲಿ ಒಬ್ಬರ ಕೈಯಲ್ಲಿ ಆಯುಧ ಇರಬಾರದು. ಅವರು ಆ ಬೆಟ್ಟದ ಬುಡದ ಊರಿನವರು. ದಾರಿ ಅವರ ಪರದೆಯಲ್ಲಿ ಮಾತ್ರ ಕಾಣಬೇಕು. ಅವರು ಕಾಲಿಟ್ಟ ಕಡೆ ಹುಲ್ಲು ಬಾಗಿ, ಮಣ್ಣು ಕದಡಿ, ನಲವತ್ತು ಸೆಕೆಂಡು ಗುರುತು ನಿಲ್ಲಬೇಕು. ಆ ಗುರುತಿನ ಮೇಲೆ ಕಾಲಿಟ್ಟವರು ಜಾರುವುದಿಲ್ಲ. ಗುರುತು ಮೇಲಿನವರಿಗೂ ಕಾಣುತ್ತದೆ, ಆದ್ದರಿಂದ ಒಂದೇ ಕಡೆ ಬಹಳ ಹೊತ್ತು ನಡೆದರೆ ಕಲ್ಲು ಬೀಳುತ್ತದೆ.

"ಹತ್ತು ದಿನದಲ್ಲಿ ಹೊಸ ಪಾತ್ರಾನಾ? ತಲೆ ಕೆಟ್ಟಿದ್ಯೇನಮ್ಮ?" ಎಂದರು ಮುಖ್ಯಸ್ಥರು.

"ಸಾರ್, ಎಲ್ಲಾ ಸರಿ ಇದೆ ಅಂತ ಬರ್ಕೊಟ್ಟೋಳು ನಾನು. ತಪ್ಪು ನಂದು. ಇದು ಆಗ್ಲಿಲ್ಲ ಅಂದ್ರೆ ಬಯಲು ಕೋಟೆ ನಾನೇ ಕಟ್ಕೊಟ್ಟು ಹೋಗ್ತೀನಿ."

ಅವರು ಪ್ರೋಗ್ರಾಮರ್ ಕಡೆ ನೋಡಿದರು. ಅವನು ತಲೆಯಾಡಿಸಿದ.

ತಲೆಯಾಡಿಸಿದ್ದಕ್ಕೆ ಮೂರು ದಿನ ಪೇಚಾಡಿದ. ಒಂದು ಹೆಜ್ಜೆಗೆ ಒಂದು ಸುದ್ದಿ ಎಂದು ಇಪ್ಪತ್ನಾಲ್ಕು ಯಂತ್ರಗಳಿಗೂ ಕಳಿಸಿದರೆ ಆಟ ತಡೆದು ತಡೆದು ನಡೆಯುತ್ತಿತ್ತು. ಹುಲ್ಲು ಬಾಗುವ ಹೊತ್ತಿಗೆ ಕಾಲು ಎಲ್ಲೋ ಹೋಗಿರುತ್ತಿತ್ತು. ಮೊದಲು ಹೆಜ್ಜೆಗಳ ಸಂಖ್ಯೆ ಕಡಿಮೆ ಮಾಡಿ ನೋಡಿದ, ಹಿಂದಿನವರು ಜಾರಿದರು. ನಾಲ್ಕನೆಯ ದಿನ ಬೆಳಿಗ್ಗೆ ನಗುತ್ತ ಬಂದ.

"ಅಕ್ಕ, ನಮ್ಮನೇಲಿ ಗೂಡಿಂದ ನೂಲು ತೆಗೀವಾಗ ಎಳೆ ತುದಿ ಹುಡುಕ್ತಾರೆ ಅಷ್ಟೆ. ತುದಿ ಸಿಕ್ರೆ ಮಿಕ್ಕಿದ್ದು ತಾನಾಗೇ ಬರ್ತದೆ. ಯಾರು ಎಲ್ಲಿದಾರೆ ಅನ್ನೋದು ಎಲ್ಲರ ಮಿಷನ್‌ಗೂ ಹೆಂಗೂ ಹೋಗ್ತಾ ಇದೆ. ಹೆಜ್ಜೆ ಯಾಕೆ ಬೇರೆ ಕಳಿಸ್ಬೇಕು? ಅವರವರ ಮಿಷನ್ನೇ ಹುಲ್ಲು ಬಗ್ಗಿಸ್ಲಿ."

ಹಾಗೇ ಮಾಡಿದ. ಹುಲ್ಲು ಬಾಗಿತು. ನಾನು ಮೂರು ಸಲ ಎದ್ದು ನಿಂತು ನೋಡಿದೆ.

ಬೆಟ್ಟ ಹತ್ತದವರನ್ನು ಮತ್ತೆ ಕರೆಸಿದೆವು. ಈ ಸಲ ಬೇರೆ ತೊಂದರೆ. ಮೇಲಿನವರು ಎರಡೇ ನಿಮಿಷಕ್ಕೆ ದಾರಿ ತೋರುವವರನ್ನು ಹೊಡೆದು ಹಾಕುತ್ತಿದ್ದರು. ಅವರು ಬಿದ್ದರೆ ಮಿಕ್ಕವರು ಬಂಡೆಯ ಬುಡದಲ್ಲಿ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಎರಡು ದಿನ ಏನೇನೋ ಮಾಡಿದೆವು. ಜೀವ ಹೆಚ್ಚಿಗೆ ಕೊಟ್ಟೆವು, ಓಟ ಹೆಚ್ಚು ಮಾಡಿದೆವು. ಆಗ ಅವರು ಆಕಾಶದಿಂದ ಇಳಿದವರ ಹಾಗೆ ಕಂಡರು, ನನಗೆ ಹಿಡಿಸಲಿಲ್ಲ.

ಕಳವಾರದ ಆ ಅಕ್ಕ ಒಂದು ದಿನ ಪೇಟೆಗೆ ಬರುವುದಿತ್ತು. ಹಾಗೇ ಆಫೀಸಿಗೆ ಬಂದು ಹೋಗಿ ಎಂದಿದ್ದೆ. ಬಂದರು. ಪರದೆಯಲ್ಲಿ ತಮ್ಮ ಬೆಟ್ಟವನ್ನು ನೋಡಿ, ಒಂದೊಂದು ಬಂಡೆಯನ್ನೂ ಬೆರಳಿನಲ್ಲಿ ತೋರಿಸಿದರು. ಒಂದು ಬಂಡೆಯನ್ನು ನೋಡಿ, ಇದು ಇನ್ನೂ ಸ್ವಲ್ಪ ಈ ಕಡೆ ಎಂದರು. ಯಂತ್ರದ ಲೆಕ್ಕ ತೆಗೆದು ನೋಡಿದೆ, ನಾನೇ ಸರಿಯಿದ್ದೆ. ಅದೊಂದು ಸಮಾಧಾನ. ಆಮೇಲೆ ಒಂದು ಸುತ್ತು ಆಡುವುದನ್ನು ನೋಡಿದರು. ದಾರಿ ತೋರುವ ಹೆಂಗಸು ಬಿದ್ದಳು.

"ಅಯ್ಯೋ, ನನ್ನೇ ಮೊದ್ಲು ಹೊಡೀತಾರಲ್ಲಮ್ಮ ಇವ್ರು!" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ಕೇಳಿದರು. "ಅಷ್ಟು ಜನ ಇರೋವಾಗ ಅವಳೇ ಅಂತ ಮೇಲಿರೋನಿಗೆ ಹೆಂಗೆ ತಿಳೀತು? ಬೆಟ್ಟದ ಮೇಲಿಂದ ನೋಡಿದ್ರೆ ಎಲ್ರೂ ಇರುವೆ ಥರಾನೇ ಕಾಣೋದು."

ಪ್ರೋಗ್ರಾಮರ್ ಹಣೆ ಚಚ್ಚಿಕೊಂಡ. ದಾರಿ ತೋರುವವರು ಯಾರೆಂದು ಜೊತೆಯವರಿಗೆ ಗೊತ್ತಾಗಲಿ ಎಂದು ತಲೆಯ ಮೇಲೆ ಒಂದು ಹಸಿರು ಚಿಹ್ನೆ ಇಟ್ಟಿದ್ದೆವು. ಅದು ಎದುರಾಳಿಗಳಿಗೂ ಕಾಣುತ್ತಿತ್ತು. ನಾವೇ ಅವಳ ತಲೆಗೆ ಬೋರ್ಡು ಕಟ್ಟಿ ಯುದ್ಧಕ್ಕೆ ಕಳಿಸಿದ್ದೆವು. ಪ್ರೋಗ್ರಾಮಿನಲ್ಲಿ ಒಂದೇ ಸಾಲು ಅಳಿಸಬೇಕಾಗಿತ್ತು, ಅಳಿಸಿದ. ಚಿಹ್ನೆ ಜೊತೆಯವರಿಗಷ್ಟೇ ಕಾಣುವಂತಾಯಿತು. ಎಲ್ಲರಿಗೂ ಒಂದೇ ಬಣ್ಣದ ಕಂಬಳಿ ಹೊದಿಸಿದೆವು. ಆವತ್ತೇ ಮೂರು ಸುತ್ತು ಆಡಿಸಿದೆವು. ಮೊದಲ ಸಲ ಗೌರಿಬಿದನೂರಿನ ನನ್ನ ಸೋದರತ್ತೆಯ ಮಗಳು, ಕಳವಾರದ ಬೆಟ್ಟವನ್ನು ಜನ್ಮದಲ್ಲಿ ಹತ್ತದವಳು, ಮೇಲಿನ ಬಾಗಿಲು ತಲುಪಿ ಕಿರುಚಿದಳು.

ಹೋಗುವ ಮುಂಚೆ ಅಕ್ಕನ ಕೈಗೂ ಕಂಟ್ರೋಲರ್ ಕೊಟ್ಟೆವು. ಎಡ ಹೆಬ್ಬೆರಳಿನಲ್ಲಿ ನಡೆಯುವುದು, ಬಲ ಹೆಬ್ಬೆರಳಿನಲ್ಲಿ ಸುತ್ತ ನೋಡುವುದು. ದಾರಿ ತೋರುವವರಿಗೆ ಹೊಡೆಯುವ ಕೆಲಸವಿಲ್ಲವಾದ್ದರಿಂದ ಕಲಿಯುವುದು ಅಷ್ಟೇ. ಮೊದಮೊದಲು ಗೋಡೆಗೆ ಮುಖ ಕೊಟ್ಟು ನಡೆದರು. ಆಮೇಲೆ ಹಿಡಿತ ಸಿಕ್ಕಿತು. ಪರೀಕ್ಷೆಗೆ ಮುಂಚೆ ಇನ್ನೆರಡು ದಿನ ತಾವಾಗಿಯೇ ಬಂದು ಆಡಿ ಹೋದರು.

ಎರಡನೆಯ ಹೊರಗಿನ ಪರೀಕ್ಷೆಯ ದಿನ ನಾನು ಯಾವ ಸೀರೆ ಉಟ್ಟಿದ್ದೆನೋ ನೆನಪಿಲ್ಲ. ಆವತ್ತು ಮಧ್ಯಾಹ್ನ ಅಕ್ಕನೂ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು. ಪರೀಕ್ಷಕಿ ಹೊಸ ಜನರನ್ನೇ ಕೂಡಿಸಿದ್ದರು, ಬೆಟ್ಟದ ಹೆಸರನ್ನೂ ಕೇಳದ ಹೊರರಾಜ್ಯದವರು. ನಾಲ್ಕು ಸುತ್ತು ನಡೆಯಿತು. ಹತ್ತುವವರು ಎರಡು ಗೆದ್ದರು, ಎರಡು ಸೋತರು. ಮುಖ್ಯಸ್ಥರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನನಗೆ ಮಾತ್ರ ಸಮಾಧಾನವಿರಲಿಲ್ಲ. ಮೈಕಿನಲ್ಲಿ ಬರುತ್ತಿದ್ದ ಗೊಣಗಾಟ ಕೇಳಿಸುತ್ತಿತ್ತು. ಆಯುಧವಿಲ್ಲದ ಪಾತ್ರ ಯಾರ ಪಾಲಿಗೆ ಬಂದರೂ ಅವರಿಗೆ ಬೇಜಾರು. ಕೋವಿಯಿಲ್ಲದೆ ಯುದ್ಧದಲ್ಲಿ ನನಗೇನು ಕೆಲಸ ಎಂದ ಒಬ್ಬ. ಐದನೆಯ ಸುತ್ತಿನಲ್ಲಿ ಆ ಪಾತ್ರ ಬಂದವನು ಸುತ್ತು ಶುರುವಾಗುವ ಮೊದಲೇ ಆಟ ಬಿಟ್ಟು ಹೋದ.

ಪರೀಕ್ಷಕಿ ಮೈಕು ಮುಚ್ಚಿ ನಮ್ಮೊಂದಿಗೆ ಮಾತ್ರ ಮಾತಾಡಿದರು. ಗೆಲುವು ಸೋಲಿನ ಲೆಕ್ಕ ಸರಿಯಿದೆ. ಆದರೆ ಈ ಪಾತ್ರವನ್ನು ಯಾರೂ ಆಡಲು ಒಪ್ಪದಿದ್ದರೆ ಬೆಟ್ಟವನ್ನು ಯಾರೂ ಹತ್ತುವುದಿಲ್ಲ. ಬೆಟ್ಟ ಬಿಡುವುದೇ ಒಳ್ಳೆಯದೇನೋ ಎಂದರು. ಈ ಸುತ್ತಿಗೆ ನಿಮ್ಮಲ್ಲಿ ಯಾರಾದರೂ ಆ ಜಾಗ ತುಂಬುತ್ತೀರಾ ಎಂದೂ ಕೇಳಿದರು.

ನಾನು ಹಿಂದಕ್ಕೆ ತಿರುಗಿದೆ. ಅಕ್ಕ ಕುರ್ಚಿಯಲ್ಲಿ ಕಾಲು ಮಡಚಿ ಕೂತಿದ್ದರು. ಇವರು ಅದೇ ಬೆಟ್ಟದ ಗೈಡು, ಬೆಟ್ಟ ಇವರಿಗೆ ಗೊತ್ತು ಎಂದು ಪರೀಕ್ಷಕಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಈ ಸುತ್ತು ಲೆಕ್ಕಕ್ಕಿಲ್ಲ, ಆಡಲಿ ಎಂದರು ಅವರು.

"ನಾನಾ? ಅವ್ರ ಭಾಷೆ ನಂಗೆ ಬರಲ್ವಲ್ಲಮ್ಮ."

"ಮಾತಾಡೋದೇನೂ ಬೇಡ ಅಕ್ಕ. ನಡೀರಿ ಅಷ್ಟೆ."

ನಡೆದರು. ಐದು ಜನ ಅವರ ಹಿಂದೆ ಬಂದರು, ಮಿಕ್ಕವರು ಕೆಳಗಿನಿಂದ ಗುಂಡು ಹಾರಿಸುತ್ತ ಉಳಿದರು. ಅಕ್ಕ ನನ್ನ ನಕ್ಷೆಯ ಕುರಿದಾರಿಯನ್ನೇ ಹಿಡಿಯಲಿಲ್ಲ. ಹಳ್ಳದ ಅಂಚಿನಲ್ಲಿ ಸಾಗಿ, ಬಂಡೆಯ ಮರೆಯಿಂದ ಮರೆಗೆ ಹೋಗಿ ನಿಲ್ಲುತ್ತಿದ್ದರು. ನಿಂತಾಗೆಲ್ಲ ಬಲ ಹೆಬ್ಬೆರಳು ಒತ್ತಿ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಬಾಯಲ್ಲಿ ತೆಲುಗಿನಲ್ಲಿ ಮೆಲ್ಲಗೆ ಒಕಟಿ, ರೆಂಡು, ಮೂಡು ಎಂದು ಎಣಿಸುತ್ತಿದ್ದರು. ಐದೂ ಜನ ಬಂದ ಮೇಲೆ ಮುಂದೆ. ನಿಯಮದ ಪ್ರಕಾರ ಎಲ್ಲೂ ಹಾಗೆ ನಿಲ್ಲಬೇಕಾಗಿರಲಿಲ್ಲ. ಸಮಯ ಓಡುತ್ತಿತ್ತು.

ಮೇಲಿನ ಗೋಡೆ ಕಾಣುವಷ್ಟು ಹತ್ತಿರ ಬಂದಾಗ ನಾಲ್ಕು ನಿಮಿಷ ಉಳಿದಿತ್ತು. ಎಣಿಸಿದರು. ನಾಲ್ಕೇ. ಐದನೆಯವನು ಕೆಳಗೆ ಎಲ್ಲೋ ದಾರಿ ತಪ್ಪಿ, ಗುರುತು ಮಾಸಿದ ಬಂಡೆಯ ಮೇಲೆ ಜಾರುತ್ತಿದ್ದ.

"ಅಕ್ಕಾ, ಹೋಗ್ಬಿಡಿ, ನಾಲ್ಕು ಜನ ಸಾಕು, ಗೆದ್ಬಿಡ್ತೀರಾ!" ಎಂದ ಪ್ರೋಗ್ರಾಮರ್.

"ಅದೆಂಗಪ್ಪ ಬಿಟ್ಟು ಹೋಗೋದು?" ಎಂದರು ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. ನಾಲ್ಕು ಜನರನ್ನು ಬಂಡೆಯ ಮರೆಯಲ್ಲಿ ಬಿಟ್ಟು ಒಬ್ಬರೇ ಇಳಿದರು. ಅವನ ಮುಂದೆ ಹೋಗಿ ನಿಂತು, ತಿರುಗಿ, ನಿಧಾನವಾಗಿ ಹತ್ತಿದರು. ಅವನು ಅವರ ಹಿಮ್ಮಡಿ ಹಿಡಿದು ಬಂದ. ಮರೆಯಲ್ಲಿದ್ದ ನಾಲ್ವರೂ ಬಾಗಿಲಿಗೆ ಓಡಬಹುದಿತ್ತು. ಒಬ್ಬನೂ ಓಡಲಿಲ್ಲ. ಕೋವಿ ತಿರುಗಿಸಿ, ಇಳಿದವರಿಗೆ ಕಾವಲು ನಿಂತರು.

ಅಕ್ಕ ಬಂದು, ಎಣಿಸಿ, ಐದು ಎಂದು ಹೇಳಿದ ಹೊತ್ತಿಗೆ ಇಪ್ಪತ್ತು ನಿಮಿಷ ಮುಗಿದಿತ್ತು. ನಮ್ಮ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಸೋಲು" ಎಂದು ಬಂತು.

ಮೈಕಿನಲ್ಲಿ ಗದ್ದಲವೆದ್ದಿತು. ಆ ಐವರಲ್ಲಿ ಮೂರು ಜನ ಮುಂದಿನ ಸುತ್ತಿನಲ್ಲಿ ದಾರಿ ತೋರುವ ಪಾತ್ರ ತಮಗೇ ಬೇಕೆಂದು ಜಗಳಕ್ಕೆ ನಿಂತಿದ್ದರು. ಜಾರಿದ್ದವನು, ಈಗ ದಾರಿ ತೋರಿದವರೇ ಇನ್ನೊಂದು ಸುತ್ತು ಬರಲಿ ಎನ್ನುತ್ತಿದ್ದ. ಪರೀಕ್ಷಕಿ ಅದನ್ನು ಕೇಳಿಸಿಕೊಂಡು ನಕ್ಕರು. ಬೆಟ್ಟ ಇರಲಿ ಎಂದರು. ಮುಖ್ಯಸ್ಥರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಪ್ರೋಗ್ರಾಮರ್ ನನ್ನ ಬೆನ್ನಿಗೊಂದು ಗುದ್ದಿದ. ನಾನು ಅಕ್ಕನ ಕೈ ಹಿಡಿದುಕೊಂಡೆ.

"ಅಕ್ಕಾ, ಬೆಟ್ಟ ಉಳೀತು."

ಅವರು ಪರದೆಯ ಮೇಲಿನ ಅಕ್ಷರವನ್ನೇ ನೋಡುತ್ತಿದ್ದರು.

"ಐದು ಜನಾನ ಕರ್ಕೊಂಡ್ ಹೋದೆ. ಐದು ಜನಾನೂ ಇದಾರಲ್ಲಮ್ಮ. ಮತ್ತೆ ಸೋತೋರು ಯಾರು?"

ಅವರು ಕಂಟ್ರೋಲರನ್ನು ಮೇಜಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಮಾರನೆಯ ಬೆಳಿಗ್ಗೆ ಆ ಪದವನ್ನು ತೆಗೆದೆವು. ಈಗ ಸುತ್ತು ಮುಗಿದಾಗ ಕೋಟೆ ಯಾರ ಕೈಯಲ್ಲಿದೆ ಎಂದಷ್ಟೇ ಬರುತ್ತದೆ. ಅದರ ಕೆಳಗೆ ಅಷ್ಟೇ ದೊಡ್ಡ ಅಕ್ಷರದಲ್ಲಿ, ಹತ್ತಿ ಹೋದವರಲ್ಲಿ ಎಷ್ಟು ಜನ ಜೀವಂತ ಇದ್ದಾರೆ ಎಂದು ಬರುತ್ತದೆ.